ದೋಣಿಯ ಸರ್ವೇಗೆ ಮುನ್ನ ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ, ಅಮ್ಮನ ಆಶೀರ್ವಾದಗಳು.

ನಾನೂ ನಿನ್ನ ಅಪ್ಪನೂ ದೋಣಿ ಕೊಂಡು ಸಮುದ್ರಯಾನಕ್ಕೆ ಹೊರಡುವುದು ಬೇಡವೆಂದು ನೀನು ಹಠ ಹಿಡಿದು, ಭಾನುವಾರ ಫೋನಿನಲ್ಲಿ ಆದ ಮಾತುಗಳನ್ನು ಇಲ್ಲಿ ಮತ್ತೆ ಎತ್ತುವುದಿಲ್ಲ. ಆದರೆ ಅದಾದ ಮೇಲೆ ನಾವು ಒಂದು ಹಾಯಿದೋಣಿಗೆ ಮುಂಗಡ ಕೊಟ್ಟಿದ್ದೇವೆ. ಈ ಸುದ್ದಿ ಬೇರೆ ಯಾರಿಂದಲೋ ನಿನಗೆ ತಲುಪುವುದು ಬೇಡವೆಂದು ಈ ಪತ್ರ ಬರೆಯುತ್ತಿದ್ದೇನೆ. ಗುರುವಾರ ಅದರ ಸರ್ವೇ ಇದೆ. ದೋಣಿಯನ್ನು ನೀರಿನಿಂದ ಮೇಲೆತ್ತಿಸಿ, ತಜ್ಞರೊಬ್ಬರು ತಳದಿಂದ ತುದಿಯವರೆಗೆ ಪರೀಕ್ಷಿಸಿ ವರದಿ ಕೊಡುತ್ತಾರೆ. ಆಮೇಲೆ ಸಮುದ್ರಕ್ಕೆ ಒಯ್ದು ನಡೆಸಿ ನೋಡುತ್ತೇವೆ. ನಮ್ಮ ಕರಾರು ಈ ಎರಡಕ್ಕೂ ಒಳಪಟ್ಟಿರುವುದರಿಂದ, ಯಾವುದರಲ್ಲಿ ಮನಸ್ಸಿಗೆ ಒಪ್ಪದ್ದು ಕಂಡರೂ ಮುಂಗಡ ಹಿಂದಕ್ಕೆ ಪಡೆದು ಸುಮ್ಮನಾಗಬಹುದು. ಕೂಡಿಟ್ಟ ಹಣವನ್ನೆಲ್ಲ ಕಳೆದುಕೊಂಡರು ಎಂದು ಈಗಲೇ ಅಂದುಕೊಳ್ಳಬೇಡ. ನಿನ್ನನ್ನು ಕೇಳದೆ ಮುಂದುವರಿದೆವೆಂದು ನಿನಗೆ ನೋವಾಗುತ್ತದೆ ಎಂದು ಗೊತ್ತು; ಆ ನೋವಿಗೆ ಕ್ಷಮೆ ಇರಲಿ. ಆದರೆ ಕೇಳಿದ್ದರೆ ನೀನು ಬೇಡವೆನ್ನುತ್ತಿದ್ದೆ, ನಾವು ಆ ಮಾತನ್ನು ಮೀರಿ ಕೊಳ್ಳಬೇಕಾಗುತ್ತಿತ್ತು. ಅದು ಇದಕ್ಕಿಂತ ಕೆಟ್ಟದಾಗಿರುತ್ತಿತ್ತು.

ನೀನು ಬಿರುಗಾಳಿಯ ಮಾತೆತ್ತಿ ಹೆದರಿಸಿದೆ. ಬಿರುಗಾಳಿಯ ಬಗ್ಗೆ ನಾನೂ ಓದಿದ್ದೇನೆ. 1979ರಲ್ಲಿ ಇಂಗ್ಲೆಂಡಿನಿಂದ ಹೊರಡುವ ಫಾಸ್ಟ್‌ನೆಟ್ ಎಂಬ ಸಮುದ್ರ ಪಂದ್ಯದಲ್ಲಿ 303 ಹಾಯಿದೋಣಿಗಳು ಹೊರಟು, ನಡುವೆ ಎದ್ದ ಬಿರುಗಾಳಿಗೆ ಸಿಕ್ಕಿ, ಪಂದ್ಯದಲ್ಲಿದ್ದ 15 ನಾವಿಕರು ಸತ್ತರು. ಅಂದು 24 ದೋಣಿಗಳನ್ನು ಜನ ಬಿಟ್ಟುಹೋದರು. ಮುಳುಗಿದ್ದು ಮಾತ್ರ 5. ರಬ್ಬರಿನ ಲೈಫ್ ರಾಫ್ಟ್‌ಗೆ ಇಳಿದ ಕೆಲವರು ಉಳಿಯಲಿಲ್ಲ, ಅವರು ಬಿಟ್ಟು ಬಂದ ದೋಣಿ ತೇಲುತ್ತಲೇ ಇತ್ತು. ದೋಣಿ ಕಾಲ ಕೆಳಗೆ ಮುಳುಗುವವರೆಗೂ ಅದನ್ನು ಬಿಡಬಾರದು ಎಂಬ ಪಾಠವನ್ನು ನಮಗೆ ಹಾಯಿದೋಣಿ ನಡೆಸಲು ಕಲಿಸಿದವರು ಮೊದಲ ದಿನವೇ ಹೇಳಿದ್ದರು. ಗಟ್ಟಿಮುಟ್ಟಾದ ದೋಣಿಯನ್ನು ಹುಡುಕುವುದಕ್ಕೆ ನಾವು ಇಷ್ಟು ಕಾಲ ತೆಗೆದುಕೊಂಡಿದ್ದೂ ಅದಕ್ಕಾಗಿಯೇ. ಹವಾಮಾನದ ಮುನ್ಸೂಚನೆ ನೋಡಿ, ಕಾಲ ನೋಡಿ ಹೊರಟರೆ ಬಿರುಗಾಳಿಯನ್ನು ಬಹುಮಟ್ಟಿಗೆ ತಪ್ಪಿಸಬಹುದು. ನನ್ನ ಭಯ ಬೇರೆ. ಅದನ್ನು ನಿನ್ನ ಅಪ್ಪನಿಗೆ ಪೂರ್ತಿಯಾಗಿ ಹೇಳಿಲ್ಲ, ನಿನಗೆ ಹೇಳುತ್ತೇನೆ.

ತರಬೇತಿಯಲ್ಲಿ ಒಂದು ಅಭ್ಯಾಸವಿರುತ್ತದೆ. ಒಬ್ಬರು ನೀರಿಗೆ ಬಿದ್ದರೆಂದು ಇಟ್ಟುಕೊಂಡು, ಉಳಿದವರು ದೋಣಿಯನ್ನು ತಿರುಗಿಸಿ ತಂದು ಅವರನ್ನು ಮೇಲೆತ್ತಬೇಕು. ನಮ್ಮ ಶಿಕ್ಷಕರು ದೋಣಿಯ ಪಕ್ಕ ಉಜ್ಜದಂತೆ ತೂಗುಹಾಕುವ, ಗಾಳಿ ತುಂಬಿದ ಒಂದು ಫೆಂಡರಿಗೆ ಬಕೀಟನ್ನು ಕಟ್ಟಿ ನೀರಿಗೆ ಎಸೆದರು. ನಿನ್ನ ಅಪ್ಪನಿಗೆ ಕೈಕಟ್ಟಿ ಕಾಕ್‌ಪಿಟ್ಟಿನಲ್ಲಿ, ಅಂದರೆ ಚುಕ್ಕಾಣಿ ಹಿಡಿಯುವವರು ಕೂರುವ ಜಾಗದಲ್ಲಿ, ಕುಳಿತಿರಲು ಹೇಳಿದರು, ಯಾಕೆಂದರೆ ಬಿದ್ದವರು ಅವರೇ. ದೋಣಿ ಸುಮಾರು 6 ನಾಟ್ ವೇಗದಲ್ಲಿತ್ತು. ಆ ವೇಗದಲ್ಲಿ ಅದು ಸೆಕೆಂಡಿಗೆ 3 ಮೀಟರ್ ಮುಂದೆ ಹೋಗುತ್ತದೆ. ನಾನು ಏನಾಯಿತೆಂದು ತಿಳಿದು, ಯಾವ ಹಗ್ಗವನ್ನು ಮೊದಲು ಸಡಿಲಿಸಬೇಕೆಂದು ಯೋಚಿಸಿದ ಅರ್ಧ ನಿಮಿಷದಲ್ಲಿ ಆ ಕೆಂಪು ಬಕೀಟು 90 ಮೀಟರ್ ಹಿಂದಕ್ಕೆ ಹೋಗಿತ್ತು. ಅಲೆ ದೊಡ್ಡದಾಗಿರಲಿಲ್ಲ, ಆದರೂ ಎರಡು ಅಲೆಗಳ ನಡುವಿನ ತಗ್ಗಿಗೆ ಇಳಿದಾಗಲೆಲ್ಲ ಅದು ಕಣ್ಣಿಗೆ ಕಾಣುತ್ತಿರಲಿಲ್ಲ. ನೀರಿನಲ್ಲಿರುವವರ ಮೇಲಿಂದ ಒಬ್ಬರು ಕಣ್ಣು ತೆಗೆಯದೆ ಬೆರಳು ತೋರಿಸುತ್ತಲೇ ಇರಬೇಕು ಎಂಬುದು ನಿಯಮ. ನಾಲ್ಕು ಜನರಿರುವ ದೋಣಿಗೆ ಆ ನಿಯಮ ಸರಿ. ಇಬ್ಬರ ದೋಣಿಯಲ್ಲಿ ಒಬ್ಬರು ಬಿದ್ದರೆ ಚುಕ್ಕಾಣಿ ಹಿಡಿಯುವವಳು, ಹಾಯಿ ಇಳಿಸುವವಳು, ಎಂಜಿನ್ ಹಚ್ಚುವವಳು, ಹಗ್ಗ ನೀರಿನಲ್ಲಿ ತೂಗಿ ಪ್ರೊಪೆಲ್ಲರಿಗೆ ಸುತ್ತಿಕೊಂಡಿಲ್ಲವೆಂದು ನೋಡುವವಳು, ಬೆರಳು ತೋರಿಸುವವಳು ಎಲ್ಲ ನಾನೊಬ್ಬಳೇ.

ದೋಣಿಯನ್ನು ತಿರುಗಿಸಿ ಬಕೀಟಿನ ಬಳಿಗೆ ತಂದೆ. ಅಲ್ಲಿಯವರೆಗೆ ಶಿಕ್ಷಕರು ಮೆಚ್ಚಿದರು. ಉದ್ದನೆಯ ಕೊಕ್ಕೆಕೋಲಿನಿಂದ ಅದರ ಹಿಡಿಯನ್ನು ಸಿಕ್ಕಿಸಿದೆ, ಎಳೆದೆ, ಅದು ಮೇಲೆ ಬರಲಿಲ್ಲ. ಬಕೀಟಿನಲ್ಲಿ ನೀರು ತುಂಬಿತ್ತು, ದೋಣಿಯ ಪಕ್ಕದ ಗೋಡೆ ನೀರಿನಿಂದ ಬಹಳ ಎತ್ತರಕ್ಕಿತ್ತು; ಮಂಡಿಯೂರಿ, ಕಂಬಿಯ ಕೆಳಗಿನಿಂದ ಎರಡೂ ಕೈ ಚಾಚಿ ಎಷ್ಟೇ ಎಳೆದರೂ ಬಕೀಟಿನ ಅಂಚು ನೀರಿನ ಮಟ್ಟದಿಂದ ಒಂದು ಗೇಣು ಮೇಲೆ ಬಂದು ನಿಂತುಬಿಟ್ಟಿತು. ನಿನ್ನ ಅಪ್ಪ ಎದ್ದು ಬರಲು ಹೊರಟರು. ಶಿಕ್ಷಕರು ಅವರ ಭುಜದ ಮೇಲೆ ಕೈಯಿಟ್ಟು ಕೂರಿಸಿದರು. ಅವರ ಆ ಮುಖ ನನ್ನ ಕಣ್ಣಿಗೆ ಕಟ್ಟಿದಂತಿದೆ. ಒಂದು ಬಕೀಟು ನೀರನ್ನು ಎತ್ತಲಾರದವಳು, ಒದ್ದೆ ಬಟ್ಟೆಯಲ್ಲಿ, ಚಳಿಗೆ ಕೈಕಾಲು ಸೋತ ಮನುಷ್ಯನನ್ನು ಹೇಗೆ ಎತ್ತಲಿ? ತೀರ ತಣ್ಣನೆಯ ನೀರಿನಲ್ಲಿ ಕೈಕಾಲುಗಳು ಹೇಳಿದಂತೆ ಕೇಳುವುದು ಸುಮಾರು 10 ನಿಮಿಷ ಮಾತ್ರ ಎನ್ನುತ್ತಾರೆ. ಅದಾದ ಮೇಲೆ ಬಿದ್ದವರಿಗೆ ಹಗ್ಗವನ್ನು ಕೈಯಲ್ಲಿ ಹಿಡಿದುಕೊಳ್ಳಲೂ ಆಗುವುದಿಲ್ಲ. ಆ ಲೆಕ್ಕವನ್ನು ರಾತ್ರಿ ಮಲಗಿದಾಗ ಎಷ್ಟೋ ಬಾರಿ ಮಾಡಿದ್ದೇನೆ.

ದೋಣಿ ಹುಡುಕುವಾಗ ನಾನು ನೋಡಿದ್ದೆಲ್ಲ ಈ ಭಯದ ಕಣ್ಣಿನಿಂದಲೇ. ನಿನ್ನ ಅಪ್ಪನಿಗೆ ಮೊದಲು ಮನಸ್ಸಾದದ್ದು 45 ಅಡಿಯ ಒಂದು ದೋಣಿ. ಎರಡು ಶೌಚಾಲಯ, ವಿಶಾಲವಾದ ಕೋಣೆಗಳು, ವಾರ್ನಿಷ್ ಹಚ್ಚಿ ಹೊಳೆಯುವ ಮರಗೆಲಸ. ನಾನು ಡೆಕ್ಕಿನ ಅಂಚಿನಲ್ಲಿ ಮಂಡಿಯೂರಿ ಕೆಳಗೆ ಕೈ ಚಾಚಿದೆ, ನೀರಿಗೆ ಮುಟ್ಟಲಿಲ್ಲ. ಅದರ ದೊಡ್ಡ ಹಾಯಿಯನ್ನು ಕಟ್ಟಿ ಚಿಕ್ಕದು ಮಾಡಬೇಕಾದರೆ ಹಾಯಿ ಕಟ್ಟುವ ಕಂಬವಾದ ಕೂವೆಮರದ ಬುಡಕ್ಕೇ ಹೋಗಬೇಕಿತ್ತು. ರಾತ್ರಿ ಗಾಳಿ ಜೋರಾದಾಗ ಒಬ್ಬರೇ ಅಲ್ಲಿಗೆ ನಡೆಯುವುದೆಂದರೆ ಬೀಳುವ ದಾರಿಯಲ್ಲೇ ನಡೆದಂತೆ. ಬೇಡವೆಂದೆ. ಅವರು ಒಂದು ವಾರ ಸರಿಯಾಗಿ ಮಾತಾಡಲಿಲ್ಲ. ಎರಡು ಒಡಲಿನ ಕ್ಯಾಟಮರಾನ್‌ಗಳನ್ನೂ ನೋಡಿದೆವು. ಅವು ವಾಲುವುದಿಲ್ಲ, ಮನೆಯಂತೆ ಇರುತ್ತವೆ, ಆದರೆ ನಮ್ಮ ಕೈಗೆಟುಕುವಂಥವು ಒಂದೂ ಸಿಗಲಿಲ್ಲ.

ಈಗ ಮುಂಗಡ ಕೊಟ್ಟಿರುವುದು 36 ಅಡಿಯ, ಒಂದೇ ಒಡಲಿನ, ಹಳೆಯ ಫೈಬರ್‌ಗ್ಲಾಸ್ ದೋಣಿ. ಒಳಗೆ ಇಕ್ಕಟ್ಟು. ಆದರೆ ಪಕ್ಕದ ಗೋಡೆ ತಗ್ಗು, ಹಾಯಿಗಳ ಹಗ್ಗಗಳೆಲ್ಲ ಕಾಕ್‌ಪಿಟ್ಟಿಗೇ ಬರುತ್ತವೆ, ಹಗ್ಗ ಸುತ್ತಿ ಎಳೆಯುವ ರಾಟೆಯಂಥ ವಿಂಚ್‌ಗಳು ಒಂದು ಅಳತೆ ದೊಡ್ಡವೇ ಇವೆ. ಹಿಂಬದಿಯಲ್ಲಿ ಮೆಟ್ಟಿಲೂ ಇದೆ. ಅದು ಶಾಂತ ನೀರಿಗೆ ಸರಿ, ಅಲೆಯಲ್ಲಿ ಹಿಂಬದಿ ಎದ್ದೆದ್ದು ಬೀಳುವುದರಿಂದ ನೀರಿನಲ್ಲಿರುವವರ ತಲೆಗೆ ಪೆಟ್ಟಾದೀತು. ಅದಕ್ಕೇ ಎತ್ತುವುದು ಪಕ್ಕದಿಂದಲೇ ಆಗಬೇಕು. ಕೊರಳಪಟ್ಟಿಯಂತೆ ಇರುವ, ತೇಲುವ ಒಂದು ಪಟ್ಟಿಯನ್ನು ಉದ್ದನೆಯ ಹಗ್ಗಕ್ಕೆ ಕಟ್ಟಿ ಹಿಂದೆ ಬಿಟ್ಟು, ಬಿದ್ದವರ ಸುತ್ತ ದೋಣಿಯನ್ನು ತಿರುಗಿಸುತ್ತ ಬಂದರೆ ಹಗ್ಗ ತಾನಾಗಿ ಅವರ ಕೈಗೆ ಸಿಗುತ್ತದೆ. ಅವರು ಅದನ್ನು ಕಂಕುಳಿನ ಕೆಳಗೆ ತೊಟ್ಟ ಮೇಲೆ ದೋಣಿ ನಿಲ್ಲಿಸಿ, ಹಾಯಿ ಏರಿಸುವ ಹಗ್ಗಕ್ಕೇ ಅದನ್ನು ಸಿಕ್ಕಿಸಿ, ವಿಂಚ್ ತಿರುಗಿಸಿ ಮೇಲೆತ್ತಬಹುದು. ಶಿಕ್ಷಕರು ಅದನ್ನು ಮಾಡಿಸಿದಾಗ ನಾನು ನಿನ್ನ ಅಪ್ಪನನ್ನೇ ನೀರಿನಿಂದ ಎತ್ತಿದೆ, ಮಗಳೇ. ನಿಧಾನವಾಯಿತು, ತೋಳು ನಡುಗಿತು, ಆದರೆ ಎತ್ತಿದೆ. ಅಂದು ನೀರು ಶಾಂತವಾಗಿತ್ತು ಎಂಬುದನ್ನು ನಾನು ಮರೆತಿಲ್ಲ. ಆದ್ದರಿಂದ ಬೀಳದಿರುವುದೇ ನಮ್ಮ ಮೊದಲ ಕಟ್ಟಳೆ: ಮುಂದಿನಿಂದ ಹಿಂದಿನವರೆಗೆ ಡೆಕ್ಕಿನ ಮೇಲೆ ಬಿಗಿದ ಪಟ್ಟಿಗೆ, ಎದೆಗೆ ಕಟ್ಟಿದ ಗಿಡ್ಡ ಪಟ್ಟಿಯನ್ನು ಸಿಕ್ಕಿಸಿಕೊಂಡೇ ಓಡಾಡುವುದು, ಕತ್ತಲಾದ ಮೇಲೆ ಮಲಗಿದವರನ್ನು ಎಬ್ಬಿಸದೆ ಕಾಕ್‌ಪಿಟ್ ಬಿಟ್ಟು ಹೋಗದಿರುವುದು. ನಿನ್ನ ಅಪ್ಪ ಇದಕ್ಕೆ ಒಪ್ಪಿ ಬರೆದುಕೊಟ್ಟಿದ್ದಾರೆ.

ನೀನು ಸಿಟ್ಟಿನಲ್ಲಿ ಕಳಿಸಿದ ಪ್ರಶ್ನೆಗಳನ್ನು ನಾನು ಹಾಗೆಯೇ ಸರ್ವೇಯರಿಗೆ ಕೊಟ್ಟೆ. ಅವರು ಓದಿ, ಇದನ್ನು ಬರೆದವರು ಈ ಕಸುಬಿನವರೇ ಎಂದು ಕೇಳಿದರು. ಹೆಮ್ಮೆಯಾಯಿತು, ನಿನ್ನ ಮೇಲೆ ಕೋಪವಿದ್ದ ಹೊತ್ತಿನಲ್ಲೂ ಹೆಮ್ಮೆಯಾಯಿತು. ದೋಣಿಯ ತಳದ ಭಾರವಾದ ಕೀಲ್‌ನ ಬೋಲ್ಟುಗಳ ಬಗ್ಗೆ ನೀನು ಕೇಳಿದ್ದು ಬಹಳ ಮುಖ್ಯವಾದ ಪ್ರಶ್ನೆಯಂತೆ. ಅವರು ಒಡಲನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋಗುತ್ತಾರೆ. ಗಟ್ಟಿ ಇರುವ ಕಡೆ ಸದ್ದು ಟಣ್ಣೆನ್ನುತ್ತದೆ, ಪದರ ಬಿಟ್ಟಿರುವ ಕಡೆ ಸದ್ದು ಸತ್ತಂತಿರುತ್ತದೆ. ಡೆಕ್ಕಿನ ಎರಡು ಪದರಗಳ ನಡುವೆ ಬಾಲ್ಸಾ ಮರವಿದ್ದರೆ, ಒಂದು ಸ್ಕ್ರೂವಿನ ತೂತಿನಿಂದ ಇಳಿದ ನೀರು ವರ್ಷಗಟ್ಟಲೆ ಒಳಗೇ ನಿಂತು ಅದನ್ನು ಕೊಳೆಸಿಬಿಡುತ್ತದೆ. ಕೂವೆಮರವನ್ನು ಹಿಡಿದಿಡುವ ತಂತಿಗಳಿಗೆ 10ರಿಂದ 15 ವರ್ಷದ ಆಯಸ್ಸು ಎಂದು ಲೆಕ್ಕ. ಈ ದೋಣಿಯ ತಂತಿಗಳು ಅದನ್ನು ದಾಟಿವೆ, ಬದಲಿಸುವ ಖರ್ಚನ್ನು ಬೆಲೆಯಲ್ಲಿ ಇಳಿಸಿಯೇ ಮಾತಾಡಿದ್ದೇವೆ. ತಂತಿಗಳನ್ನು ಒಡಲಿಗೆ ಬಿಗಿಯುವ ಉಕ್ಕಿನ ಪಟ್ಟಿಗಳ ಬಗ್ಗೆ ಮಾತ್ರ ನನಗೆ ಅನುಮಾನವಿದೆ. ಸ್ಟೇನ್‌ಲೆಸ್ ಉಕ್ಕು ಗಾಳಿಯಾಡುವ ಕಡೆ ಚೆನ್ನಾಗಿಯೇ ಇದ್ದು, ಡೆಕ್ಕಿನೊಳಗೆ ಹುದುಗಿ ಗಾಳಿ ಸಿಗದೆ ಒದ್ದೆಯಾಗಿರುವ ಕಡೆ ಒಳಗೊಳಗೇ ಸವೆಯುತ್ತದೆ. ಒಳಗಿನ ಕಪಾಟಿನ ಹಿಂದೆ ಟಾರ್ಚ್ ಹಿಡಿದು ನೋಡಿದಾಗ ಎಡಗಡೆಯ ಪಟ್ಟಿಯ ಕೆಳಗೆ ಕಂದು ಬಣ್ಣದ ಒಂದು ಗೆರೆ ಇಳಿದಿತ್ತು. ಅದನ್ನು ಬಿಚ್ಚಿ ತೋರಿಸಬೇಕೆಂದು ಬರೆದು ಕೇಳಿದ್ದೇವೆ. ಮಾರುವವರು ಒಪ್ಪದಿದ್ದರೆ ನಾವು ಕೊಳ್ಳುವುದಿಲ್ಲ. ಎಂಜಿನ್ನನ್ನು ಸಹ ನಾವು ಬರುವ ಮೊದಲು ಹಚ್ಚಿ ಬಿಸಿ ಮಾಡಿಡಬಾರದೆಂದು ಹೇಳಿದ್ದೇವೆ. ತಣ್ಣಗಿದ್ದಾಗ ಅದು ಹೇಗೆ ಹತ್ತುತ್ತದೆ, ಎಂಥ ಹೊಗೆ ಬಿಡುತ್ತದೆ ಎಂಬುದನ್ನೇ ನೋಡಬೇಕು.

ಕೊಂಡರೆ ಮೊದಲ ವರ್ಷ ದಡ ಬಿಟ್ಟು ದೂರ ಹೋಗುವುದಿಲ್ಲ. ಇಲ್ಲಿ ನಿನಗೂ ಒಂದು ಮಾತು ಹೇಳಲೇಬೇಕು. ಯಾವ ತಾರೀಖು ಎಲ್ಲಿರುತ್ತೀರಿ ಎಂದು ನಮ್ಮನ್ನು ಕೇಳಬೇಡ. ನಮ್ಮನ್ನು ನೋಡಲು ಬರುವಾಗ ದಿನ ಗೊತ್ತುಮಾಡಿಕೋ, ಇಲ್ಲವೇ ಊರು ಗೊತ್ತುಮಾಡಿಕೋ, ಎರಡನ್ನೂ ಗೊತ್ತುಮಾಡಬೇಡ. ಮಗಳು ಶನಿವಾರ ಬಂದು ಇಳಿಯುತ್ತಾಳೆಂದು ತಿಳಿದರೆ ನಿನ್ನ ಅಪ್ಪ ಶುಕ್ರವಾರ ಕೆಟ್ಟ ಮುನ್ಸೂಚನೆ ಇದ್ದರೂ ಲಂಗರು ಎತ್ತುತ್ತಾರೆ. ಒಂದು ದಿನ ಸಂದೇಶ ಬಾರದಿದ್ದರೆ ಗಾಬರಿಯಾಗಬೇಡ. ಹೊರಡುವ ಮೊದಲು ದಾರಿಯನ್ನೂ, ಎಷ್ಟು ಹೊತ್ತು ಕಳೆದ ಮೇಲೆ ಯಾರಿಗೆ ತಿಳಿಸಬೇಕೆಂಬುದನ್ನೂ ಬರೆದು ಕಳಿಸುತ್ತೇನೆ. ಅದನ್ನು ಓದಿಟ್ಟುಕೋ, ಕಳೆದುಕೊಳ್ಳಬೇಡ, ಅಳಿಯಂದಿರಿಗೂ ಒಂದು ಪ್ರತಿ ಕೊಡು. ಫೋನನ್ನು ರಾತ್ರಿ ಮೌನಕ್ಕೆ ಹಾಕುವ ನಿನ್ನ ಅಭ್ಯಾಸವನ್ನೂ ಬಿಡು. ಉಪದೇಶ ಮಾಡಬಾರದೆಂದೇ ಕುಳಿತಿದ್ದೆ, ಆದರೂ ಇಷ್ಟು ಹೇಳದೆ ಇರಲಾಗಲಿಲ್ಲ.

ನಿನ್ನ ಅಪ್ಪ ಮಾತುಮಾತಿಗೂ ಜೀನ್ ಸಾಕ್ರಟೀಸ್ ಅವರ ಹೆಸರು ಹೇಳುತ್ತಾರೆ. ಆಕೆ 2019ರಲ್ಲಿ, ತಮ್ಮ 77ನೆಯ ವಯಸ್ಸಿನಲ್ಲಿ, ಎಲ್ಲಿಯೂ ನಿಲ್ಲದೆ, ಯಾರ ನೆರವನ್ನೂ ಪಡೆಯದೆ ಒಬ್ಬರೇ ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತಿ ಬಂದವರು. ಅವರ ವಯಸ್ಸನ್ನು ನಿನ್ನ ಅಪ್ಪ ಧೈರ್ಯಕ್ಕೆಂದು ಹೇಳುತ್ತಾರೆ. ನನ್ನ ಮನಸ್ಸಿನಲ್ಲಿ ನಿಂತಿರುವುದು ಬೇರೆ ಸಂಗತಿ: ಅವರು ಗಂಡನ ಜೊತೆಗೆ ಸಮುದ್ರಯಾನಕ್ಕೆಂದು ಹೊರಟವರು, ಗಂಡ 2003ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ ಒಬ್ಬರೇ ಮುಂದುವರಿದರು. ನಾನು ಮುಂದುವರಿಯುವವಳಲ್ಲ. ಆದರೆ ಒಬ್ಬಳೇ ಉಳಿದರೆ ದೋಣಿಯನ್ನು ಬಂದರಿಗೆ ತರುವಷ್ಟನ್ನಾದರೂ ನಾನು ಬಲ್ಲವಳಾಗಿರಬೇಕು, ಅವರೂ ಬಲ್ಲವರಾಗಿರಬೇಕು. ಇಬ್ಬರೂ ಎಲ್ಲ ಕೆಲಸವನ್ನೂ ಕಲಿಯಬೇಕೆಂದು ನಾನು ಹಠ ಹಿಡಿದಿರುವುದು ಅದಕ್ಕಾಗಿ.

ಇನ್ನು ನಿನ್ನಿಂದ ಆಗಬೇಕಾದ ಕೆಲಸ. ದೋಣಿಯಲ್ಲಿ 406 ಮೆಗಾಹರ್ಟ್ಸ್‌ನ ತುರ್ತು ಬೀಕನ್ ಒಂದು ಇರುತ್ತದೆ. ಅದನ್ನು ಚಾಲೂ ಮಾಡಿದರೆ ಉಪಗ್ರಹಗಳ ಮೂಲಕ ರಕ್ಷಣಾ ಕೇಂದ್ರಕ್ಕೆ ಸಂದೇಶ ಹೋಗುತ್ತದೆ. ಬರುವ ಸಂದೇಶಗಳಲ್ಲಿ ಹೆಚ್ಚಿನವು ತಪ್ಪಿ ಹೊರಟವೇ ಆಗಿರುವುದರಿಂದ, ಕೇಂದ್ರದವರು ನೋಂದಣಿಯಲ್ಲಿರುವ ದಡದ ಸಂಪರ್ಕಕ್ಕೆ ಫೋನ್ ಮಾಡಿ ವಿಚಾರಿಸುತ್ತಾರೆ: ಈ ದೋಣಿ ನಿಜವಾಗಿಯೂ ಸಮುದ್ರದಲ್ಲಿದೆಯೇ, ಎಷ್ಟು ಜನರಿದ್ದಾರೆ, ಎಲ್ಲಿಗೆ ಹೊರಟಿದ್ದರು. ಆ ಜಾಗದಲ್ಲಿ ನಿನ್ನ ಹೆಸರು ಹಾಕಬಾರದೆಂದು ನೀನು ಹೇಳಿದೆ. ಬೇರೆಯವರ ಹೆಸರು ಹಾಕಬಹುದು, ಕೇಳಿದರೆ ಇಲ್ಲವೆನ್ನದ ಸ್ನೇಹಿತರಿದ್ದಾರೆ. ಆದರೆ ನಿದ್ದೆಯಿಂದ ಎದ್ದರೂ ಗೊಂದಲವಿಲ್ಲದೆ ಉತ್ತರ ಕೊಡುವವರು, ಅಳುವುದನ್ನು ಆಮೇಲೆ ಇಟ್ಟುಕೊಂಡು ಮೊದಲು ದೋಣಿಯ ಬಣ್ಣ, ಉದ್ದ, ಹೊರಟ ಬಂದರನ್ನು ಹೇಳುವವರು ನನಗೆ ಗೊತ್ತಿರುವವರಲ್ಲಿ ನೀನೊಬ್ಬಳೇ.

ಒಪ್ಪುವುದಾದರೆ ಬುಧವಾರದೊಳಗೆ ತಿಳಿಸು, ನಿನ್ನ ಮತ್ತು ಅಳಿಯಂದಿರ ಫೋನ್ ಸಂಖ್ಯೆಗಳನ್ನು ನೋಂದಣಿಗೆ ಹಾಕುತ್ತೇನೆ. ಒಪ್ಪದಿದ್ದರೂ ತಿಳಿಸು, ಕೋಪ ಮಾಡಿಕೊಳ್ಳುವುದಿಲ್ಲ. ಸರ್ವೇಯರ ವರದಿ ಬಂದ ಕೂಡಲೇ ಪೂರ್ತಿಯಾಗಿ ನಿನಗೆ ಕಳಿಸುತ್ತೇನೆ, ಎಡಗಡೆಯ ಆ ಉಕ್ಕಿನ ಪಟ್ಟಿಯ ಫೋಟೋ ಸಹಿತ. ನಿನಗೆ ಏನಾದರೂ ಸರಿಕಾಣದಿದ್ದರೆ ಸಹಿ ಹಾಕುವ ಮೊದಲೇ ಹೇಳು. ನಿನ್ನ ಅಪ್ಪನಿಗೆ ನೀನೇ ಫೋನ್ ಮಾಡು. ಅವರಾಗಿ ಮಾಡುವುದಿಲ್ಲ, ಆದರೆ ಭಾನುವಾರದಿಂದ ಫೋನನ್ನು ಕೈಯಿಂದ ಕೆಳಗಿಟ್ಟಿಲ್ಲ.

ಇಂತಿ ನಿನ್ನ ಪ್ರೀತಿಯ
ಅಮ್ಮ