ಚೌಕಿಯಲ್ಲಿ ಬರೆದ ಮುಖ, ಹುಟ್ಟಿದಾಗ ಬಂದ ಮುಖ

ಮಾನ್ಯ ಸಂಪಾದಕರೇ,

ಮೂಗು, ಹಣೆ, ತುಟಿ ನೋಡಿ ಕೆಲಸಕ್ಕೆ ಜನ ಆರಿಸಬಹುದು, ಸಂಬಂಧ ಕುದುರಿಸಬಹುದು ಎನ್ನುವ ಮುಖಲಕ್ಷಣ ತರಬೇತಿಗಳು ಕರಾವಳಿಗೂ ಬಂದಿವೆ. ‘ಪ್ರಾಚೀನ ವಿಜ್ಞಾನ’ ಎಂಬ ಹಣೆಪಟ್ಟಿ ಬೇರೆ. ಪ್ರಾಚೀನವೇನೋ ಹೌದು. 6ನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಪುರುಷಲಕ್ಷಣ, ಸ್ತ್ರೀಲಕ್ಷಣಗಳಿಗೆ ಅಧ್ಯಾಯಗಳೇ ಇವೆ. ಯುರೋಪಿನಲ್ಲಿ ಈ ಗೀಳು ಹಬ್ಬಿಸಿದವನು ಜ್ಯೂರಿಕ್‌ನ ಪಾದ್ರಿ ಲಾವಾಟರ್, 1775–78ರ ನಾಲ್ಕು ಸಂಪುಟಗಳಿಂದ. ಅವನನ್ನು ನಂಬಿದ್ದ ಬೀಗಲ್ ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್, ಇಂಥ ಮೂಗಿನವನಲ್ಲಿ ಪ್ರಯಾಣಕ್ಕೆ ಬೇಕಾದ ಛಲ ಇರಲಾರದೆಂದು 1831ರಲ್ಲಿ ಡಾರ್ವಿನ್‌ನನ್ನೇ ಬಿಟ್ಟು ಹೋಗುವುದರಲ್ಲಿದ್ದ!

ವಿಜ್ಞಾನವೆಂದರೆ ಅಳೆಯಬೇಕಲ್ಲ? ಅದನ್ನೂ ಮಾಡಿದ್ದಾರೆ. ಬ್ರಿಟಿಷ್ ಅಧಿಕಾರಿ ರಿಸ್ಲೆ ಜಾತಿಗಳನ್ನು ಮೂಗಿನ ಸೂಚ್ಯಂಕದಿಂದ ವಿಂಗಡಿಸಹೊರಟ. ಮೂಗಿನ ಅಗಲವನ್ನು ಎತ್ತರದಿಂದ ಭಾಗಿಸಿ 100ರಿಂದ ಗುಣಿಸುವುದು. 70ಕ್ಕಿಂತ ಕೆಳಗಾದರೆ ಸಪುರ, 85 ದಾಟಿದರೆ ಅಗಲ. ಎತ್ತರ 50 ಮಿ.ಮೀ., ಅಗಲ 34 ಆದರೆ 68, ಅಂದರೆ ಸಪುರ. ಆದರೆ ಕಣ್ಣುಗಳ ನಡುವೆ ಮೂಗಿನ ಬುಡ ಎಲ್ಲಿ ಎಂಬುದು ಬೆರಳಿಗೆ ಸರಿಯಾಗಿ ಸಿಗುವುದಿಲ್ಲ. ಅಳೆಯುವ ಇಕ್ಕಳ, ಕ್ಯಾಲಿಪರ್, 3 ಮಿ.ಮೀ. ಕೆಳಗೆ ಕೂತರೆ ಅದೇ ಮೂಗು 72 ಆಗಿ ನಡುವಿನ ಗುಂಪಿಗೆ ಜಾರುತ್ತದೆ. ಹೊಳ್ಳೆಯನ್ನು ತುಸು ಒತ್ತಿದರೆ ಮತ್ತೆ ಸಪುರ. ಅಳತೆಯೇ ಹೀಗಾದ ಮೇಲೆ ಅದರಿಂದ ಗುಣ ಹೇಳುವುದೆಲ್ಲಿಂದ ಬಂತು? ಹುಟ್ಟು ಅಪರಾಧಿಯ ಮುಖವೇ ಬೇರೆ ಎಂದು ಇಟಲಿಯ ವೈದ್ಯ ಲೊಂಬ್ರೋಸೊ 1876ರಲ್ಲಿ ಸಾರಿದ್ದ. ಇಂಗ್ಲೆಂಡಿನ ಜೈಲು ವೈದ್ಯ ಚಾರ್ಲ್ಸ್ ಗೋರಿಂಗ್ ಸುಮಾರು 3000 ಇಂಗ್ಲಿಷ್ ಕೈದಿಗಳನ್ನು ಅಳೆದು 1913ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಂಥ ಮುಖವೇ ಸಿಗಲಿಲ್ಲ.

ಮುಖ ನೋಡಿ ಮಣೆ ಹಾಕುವ ನಮಗೆ ಇದು ರುಚಿಸದು. ಯಕ್ಷಗಾನ ನೋಡಿ ಬೆಳೆದ ಕಣ್ಣು ನಮ್ಮದು. ಬಣ್ಣದ ವೇಷ ರಂಗಕ್ಕೆ ಬಂದ ಕೂಡಲೇ ರಾಕ್ಷಸನೆಂದು ಮಕ್ಕಳಿಗೂ ಗೊತ್ತು. ಆದರೆ ಆ ಗುಣವನ್ನು ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಗಂಟೆಗಟ್ಟಲೆ ಕೂತು, ಅಕ್ಕಿಹಿಟ್ಟು ಸುಣ್ಣದ ಉಬ್ಬು ಚುಕ್ಕೆಗಳಾದ ಚುಟ್ಟಿ ಇಟ್ಟು, ಮುಖದ ಮೇಲೆ ಬರೆದದ್ದು ಕಲಾವಿದ.

ಮುಖ ನಿಜಕ್ಕೂ ಹೇಳುವುದು ಕಾಯಿಲೆಯನ್ನು. ಬಾಯಿ ಹಠಾತ್ತನೆ ಒಂದು ಕಡೆಗೆ ಸೊಟ್ಟಗಾದರೆ ವೈದ್ಯರು ಹುಬ್ಬು ಏರಿಸಲು ಹೇಳುತ್ತಾರೆ. ಹಣೆಯ ಎರಡೂ ಬದಿ ನೆರಿಗೆ ಮೂಡಿದರೆ ಮೆದುಳಿನ ಪಾರ್ಶ್ವವಾಯುವಿನ ಶಂಕೆ ಬಲವಾಗುತ್ತದೆ. ಸೋತ ಬದಿಯ ಹಣೆಯೂ ಅಲುಗದಿದ್ದರೆ ಸಾಮಾನ್ಯವಾಗಿ ಮುಖದ ನರದ ದೋಷ. ಮನೆಯಲ್ಲಿ ನಿರ್ಣಯಿಸುತ್ತ ಕೂರದೆ ಎರಡರಲ್ಲೂ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ತರಬೇತಿಯವರು ಇದನ್ನಾದರೂ ಕಲಿಸಲಿ.

– ಓದುಗರು, ಉಡುಪಿ