ಮಗಳಿಗೊಂದು ಪತ್ರ: ಕಪ್ಪು ಚುಕ್ಕೆ ಎಣಿಸುವ ಮುನ್ನ

ಪ್ರೀತಿಯ ಮಗಳೇ,

ಮೆದುಳಿನ ಎಂಆರ್‌ಐನಲ್ಲಿ ಕಪ್ಪು ಚುಕ್ಕೆ ಕಂಡ ಕೂಡಲೇ ಲೆಕ್ಕ ಹಾಕಲು ಕೂರಬೇಡ. ಅದು ರಕ್ತದ್ದೇ ಹೌದಾ, ಮೊದಲು ನೋಡು. ಸೂಕ್ಷ್ಮ ರಕ್ತಸ್ರಾವವೆಂದು ನಾವು ಬರೆಯುವುದು ಹಿಂದೆಂದೋ ಸೋರಿದ ರಕ್ತ ಬಿಟ್ಟುಹೋದ ಕಬ್ಬಿಣದ ಕಲೆಯನ್ನು, ಅಂದರೆ ಹೀಮೋಸಿಡೆರಿನ್ ಅನ್ನು. ಅದು ಸುತ್ತಲಿನ ಕಾಂತಕ್ಷೇತ್ರವನ್ನು ಕೆಡಿಸುವುದರಿಂದ ಎಸ್‌ಡಬ್ಲ್ಯುಐನಲ್ಲಿ (ಇಂಥ ಕೆಡುಕನ್ನೇ ಎತ್ತಿ ತೋರಿಸುವ ಎಂಆರ್‌ಐ ಚಿತ್ರ) ಚುಕ್ಕೆ ಇರುವುದಕ್ಕಿಂತ ಊದಿಕೊಂಡು ಕಾಣುತ್ತದೆ: ದುಂಡಗೆ, ಸಾಮಾನ್ಯವಾಗಿ 2ರಿಂದ 10 ಮಿಲಿಮೀಟರ್. ಮಾಮೂಲಿ ಟಿ2 ಎಂಆರ್‌ಐ ಚಿತ್ರದಲ್ಲಿ ಅದೇ ಜಾಗ ಎಷ್ಟೋ ಸಲ ಖಾಲಿ.

ಅಡ್ಡ ಕತ್ತರಿಸಿದ ಅಭಿಧಮನಿಯೂ ದುಂಡಗೇ ಕಾಣುತ್ತದೆ. ಮೇಲಿನ, ಕೆಳಗಿನ ಸ್ಲೈಸ್‌ಗಳಿಗೆ ಹೋಗು. ಚುಕ್ಕೆ ಗೆರೆಯಾಗಿ ಮುಂದುವರಿದರೆ ಅದನ್ನು ಬಿಡು. ಕ್ಯಾಲ್ಸಿಯಂ ಇನ್ನೊಂದು ಮೋಸ. ಎಸ್‌ಡಬ್ಲ್ಯುಐ ಜೊತೆಗೇ ಸಿಗುವ ಫೇಸ್ ಚಿತ್ರದಲ್ಲಿ ರಕ್ತ ಒಂದು ಬಣ್ಣವಾದರೆ ಕ್ಯಾಲ್ಸಿಯಂ ಅದರ ವಿರುದ್ಧ ಬಣ್ಣ. ಯಾವುದು ಬಿಳಿ, ಯಾವುದು ಕಪ್ಪು ಎನ್ನುವುದು ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ. ಬಾಯಿಪಾಠ ಮಾಡುವ ಬದಲು ಅದೇ ಚಿತ್ರದಲ್ಲಿ ಗೊತ್ತಿರುವ ಅಭಿಧಮನಿಯೊಂದರ ಬಣ್ಣ ನೋಡಿ ಹೋಲಿಸು.

ಇನ್ನು ಜಾಗ. ಸಂಖ್ಯೆಗಿಂತ ಇದೇ ಹೆಚ್ಚು ಮಾತಾಡುತ್ತದೆ. ಮೆದುಳಿನ ಆಳದ ಥಲಾಮಸ್, ಬೇಸಲ್ ಗ್ಯಾಂಗ್ಲಿಯಾ, ಪಾನ್ಸ್‌ನಲ್ಲಿದ್ದರೆ ರಕ್ತದೊತ್ತಡದ ಕಡೆ ಗುಮಾನಿ. ಹೊರಮೈ ಹಾಲೆಗಳಲ್ಲಷ್ಟೇ ಇದ್ದರೆ ನಾಳದ ಗೋಡೆಯಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ಕೂತಿರಬಹುದು. ಈ ಅಮಿಲಾಯ್ಡ್ ನಾಳರೋಗವನ್ನು ಗುರುತಿಸುವ 2022ರ ಬೋಸ್ಟನ್ 2.0 ಮಾನದಂಡ 50 ವರ್ಷ ದಾಟಿದವರಲ್ಲಿ ಇಂಥ ಎರಡು ಗಾಯಗಳನ್ನು ಕೇಳುತ್ತದೆ. ಒಂದೇ ಇದ್ದರೆ ಬಿಳಿ ದ್ರವ್ಯದ ನಿರ್ದಿಷ್ಟ ಬದಲಾವಣೆಯೂ ಜೊತೆಗಿರಬೇಕು. ಆಳದಲ್ಲಿ ರಕ್ತದ ಗುರುತು ಇರಕೂಡದು. ಸಲ್ಕಸ್‌ಗಳ, ಅಂದರೆ ಮೆದುಳಿನ ಹೊರಮೈ ತೋಡುಗಳ ಅಂಚಿಗೆ ಕಾಡಿಗೆ ಎಳೆದಂತೆ ಕಾಣುವ ಹಳೆ ರಕ್ತದ ಕಲೆ, ಸಿಡೆರೋಸಿಸ್ ಅನ್ನು ಮರೆಯಬೇಡ. ದೊಡ್ಡ ರಕ್ತಸ್ರಾವದ ಅಪಾಯ ಹೇಳುವುದರಲ್ಲಿ ಅದು ಚುಕ್ಕೆಗಿಂತ ಜೋರು.

ಅಮಿಲಾಯ್ಡ್ ತೋರಿಸುವ ಪೆಟ್ ಸ್ಕ್ಯಾನ್ ಮಾಡಿಸಿದರೆ ತೀರಿತು ಅಂದುಕೊಳ್ಳಬೇಡ. ಫ್ಲೋರ್‌ಬೆಟಾಪಿರ್‌ನಂಥ ಟ್ರೇಸರ್ (ಈ ಸ್ಕ್ಯಾನ್‌ಗೆ ಚುಚ್ಚುವ ವಿಕಿರಣಶೀಲ ಗುರುತುದ್ರವ್ಯ) ಮೆದುಳಿನ ಅಂಗಾಂಶದಲ್ಲಿರುವ ಅಮಿಲಾಯ್ಡ್ ಮುದ್ದೆಗೂ, ಅಂದರೆ ಪ್ಲಾಕ್‌ಗೂ ಅಂಟುತ್ತದೆ, ನಾಳದ ಗೋಡೆಗೂ ಅಂಟುತ್ತದೆ. ಎಲ್ಲಿ ಅಂಟಿತೆಂದು ಚಿತ್ರ ಹೇಳುವುದಿಲ್ಲ. ಬಿಳಿ ದ್ರವ್ಯ ಎಲ್ಲರಲ್ಲೂ ಹೊಳೆಯುತ್ತದೆ. ಅಮಿಲಾಯ್ಡ್ ಇದೆ ಎನ್ನಲು ಬೂದು ದ್ರವ್ಯವೂ ಅಷ್ಟೇ ಹೊಳೆದು ನಡುವಿನ ಗಡಿ ಅಳಿಸಿಹೋಗಿದೆಯಾ ಎಂದು ನೋಡಬೇಕು.

ಹೆಚ್ಚು ಎಡವುವುದು ಹಳೆಯದನ್ನೂ ಹೊಸದನ್ನೂ ಹೋಲಿಸುವಾಗ. ಕಳೆದ ಸಲ 1.5 ಟೆಸ್ಲಾ ಕಾಂತಬಲದಲ್ಲಿ ಜಿಆರ್‌ಇ (ಎಸ್‌ಡಬ್ಲ್ಯುಐಗಿಂತ ಕಡಿಮೆ ಚುಕ್ಕೆ ಹಿಡಿಯುವ ಚಿತ್ರ), ಈ ಸಲ 3 ಟೆಸ್ಲಾದಲ್ಲಿ ಎಸ್‌ಡಬ್ಲ್ಯುಐ ತೆಗೆದರೆ ಹೊಸ ಸೋರಿಕೆ ಇಲ್ಲದೆಯೇ ಚುಕ್ಕೆಗಳು ಹೆಚ್ಚಾಗುತ್ತವೆ. ರೋಗಿ ಲೆಕಾನೆಮ್ಯಾಬ್ ಅಥವಾ ಡೊನಾನೆಮ್ಯಾಬ್ (ಅಮಿಲಾಯ್ಡ್ ತೆಗೆಯುವ, ಆದರೆ ರಕ್ತ ಸೋರಿಸಬಲ್ಲ ಅಲ್ಝೈಮರ್ ಔಷಧಿಗಳು) ಮೇಲಿದ್ದರೆ ಆ ಸುಳ್ಳು ಏರಿಕೆಗೆ ಔಷಧಿಯೇ ನಿಂತುಹೋಗಬಹುದು. ಅದಕ್ಕೇ ವರದಿಯ ಮೊದಲ ಸಾಲಿನಲ್ಲೇ ಸೀಕ್ವೆನ್ಸ್ (ಚಿತ್ರ ತೆಗೆದ ವಿಧಾನ), ಟೆಸ್ಲಾ, ಸ್ಲೈಸ್ ದಪ್ಪ ಮೂರನ್ನೂ ಬರೆ, ಎಣಿಕೆ ಆಮೇಲೆ.

ನಿನ್ನ
ಅಮ್ಮ