ಗಲ್ಲಕ್ಕೆ ಇಳಿದ ಮಾಸ್ಕ್

ಚಿ. ಸುಮಾಳಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಮನೆಯ ಸಮಾಚಾರವನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದನ್ನು ಬಿಡುತ್ತೇನೆ. ಹೊಸ ವಾರ್ಡು, ರಾತ್ರಿ ಪಾಳಿ, ಹಾಸ್ಟೆಲ್ಲಿನ ನೀರುಸಾರು, ಎಲ್ಲವನ್ನೂ ನಗುತ್ತಲೇ ಓದಿದೆ. ಕೊನೆಯ ಪುಟದ ಕೆಳಗೆ ಹಗುರವಾಗಿ ಒಂದು ಮಾತು ಬರೆದಿದ್ದೀಯಲ್ಲ, ಅಲ್ಲಿ ನಿಂತುಬಿಟ್ಟೆ. ಕ್ಷಯವೆಂದು ಮೂಲೆಯ ಹಾಸಿಗೆಯಲ್ಲಿರುವ ಅಜ್ಜಿ "ಇಷ್ಟು ದಿನವಾದರೂ ನಿನ್ನ ಮುಖ ನೋಡಿಲ್ಲವಲ್ಲ ತಾಯಿ" ಎಂದರಂತೆ. ಅಂದಿನಿಂದ ಅವರ ಬಳಿ ಕೂರುವಾಗ ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಳ್ಳುತ್ತೀಯಂತೆ. ಮುಖ ಮುಚ್ಚಿಕೊಂಡರೆ ಅಸಹ್ಯಪಟ್ಟ ಹಾಗೆ ಅವರಿಗೆ ಅನ್ನಿಸುತ್ತದೆ ಎಂದು ಬೇರೆ ಸೇರಿಸಿದ್ದೀಯೆ.

ಹೆಚ್ಚುಕಡಿಮೆ ಇದೇ ಮಾತನ್ನು ನಾನು ಹಿಂದೆಯೂ ಕೇಳಿದ್ದೇನೆ. ನಾನು ಪ್ರಯೋಗಾಲಯದಲ್ಲಿದ್ದ ಆಸ್ಪತ್ರೆಯ ಕ್ಷಯರೋಗದ ವಾರ್ಡಿನಲ್ಲಿ ಒಬ್ಬ ಹಿರಿಯ ಸಿಸ್ಟರ್ ಇದ್ದರು. ಹೆಸರು ಬೇಡ. ಬೆಳಿಗ್ಗೆ ಕಫದ ಡಬ್ಬಿಗಳ ಟ್ರೇ ಹಿಡಿದು ಪ್ರಯೋಗಾಲಯಕ್ಕೆ ತಾವೇ ಬರುತ್ತಿದ್ದರು. ಗಾಳಿಯ ಸಣ್ಣ ಕಣಗಳನ್ನೂ ತಡೆಯುವ ಎನ್-95 ಮಾಸ್ಕಿನ ಹೆಸರು ನಮ್ಮ ಕಡೆ ಯಾರ ಬಾಯಲ್ಲೂ ಇರದ ಕಾಲ. ಇದ್ದದ್ದು ಬಟ್ಟೆಯ ಮಾಸ್ಕ್, ಅದೂ ಆಪರೇಷನ್ ಥಿಯೇಟರಿನವರ ಸೊತ್ತು. ಕೊಟ್ಟರೂ ಅವರು ಕಟ್ಟಿಕೊಳ್ಳುತ್ತಿರಲಿಲ್ಲ. "ಮನೆಯವರೇ ತಟ್ಟೆ ಲೋಟ ಬೇರೆ ಮಾಡಿ ಕಳಿಸಿರುತ್ತಾರೆ, ನಾನೂ ಮೂಗು ಮುಚ್ಚಿಕೊಂಡು ಹತ್ತಿರ ಹೋಗಲೇ?" ಎನ್ನುತ್ತಿದ್ದರು. ಅದಕ್ಕೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಮೆಚ್ಚಿಕೊಂಡೇ ಇದ್ದೆವು.

ಸ್ಲೈಡು ನೋಡುವವರಿಗೆ ಮೊದಲು ಕಾಣುವುದು ನಂಬರು ಮಾತ್ರ. ಕಫ ಸವರಿದ ಗಾಜಿನ ಮೇಲೆ ಕಾರ್ಬಾಲ್ ಫುಕ್ಸಿನ್ ಎಂಬ ಕೆಂಪು ಬಣ್ಣ ಸುರಿದು ಆವಿ ಏಳುವವರೆಗೆ ಕಾಯಿಸಿ, ಆಮ್ಲದಿಂದ ಬಣ್ಣ ಇಳಿಸಿ, ಮೆಥಿಲೀನ್ ಬ್ಲೂ ಹಾಕಿ ತೊಳೆದು, ಒಣಗಿದ ಮೇಲೆ ಒಂದು ಹನಿ ಎಣ್ಣೆ ಬಿಟ್ಟು ಕಣ್ಣಿಟ್ಟರೆ ನೀಲಿಯ ನಡುವೆ ಕೆಂಪು ಕಡ್ಡಿಗಳು, ಅವೇ ಕ್ಷಯದ ರೋಗಾಣುಗಳು. ಕೆಲವು ಸ್ಲೈಡುಗಳಲ್ಲಿ ಒಂದು ಕಡ್ಡಿಗಾಗಿ ನೂರು ಕಡೆ ಹುಡುಕಬೇಕು. ಆ ದಿನದ ಒಂದು ಸ್ಲೈಡಿನಲ್ಲಿ ಹುಡುಕುವ ಕೆಲಸವೇ ಇರಲಿಲ್ಲ, ಕಣ್ಣು ಹೋದಲ್ಲೆಲ್ಲ ಹತ್ತಕ್ಕೂ ಹೆಚ್ಚು. ರೋಗಾಣು ತೀರಾ ಹೆಚ್ಚು ಎಂಬ ಅರ್ಥದ 3+ ಗುರುತು ಬರೆದು, ನಂಬರಿಗೆ ಹೆಸರು ಹೊಂದಿಸಲು ರಿಜಿಸ್ಟರ್ ತೆರೆದೆ. ಸಿಸ್ಟರದ್ದು.

ಮಾಮೂಲಿ ಮಾತ್ರೆಗಳಿಗೆ ಅವರ ಕ್ಷಯ ಬಗ್ಗಲಿಲ್ಲ, ಔಷಧಿಗೆ ಮಣಿಯದ ಜಾತಿ. ತಿಂಗಳುಗಟ್ಟಲೆ ಕೆನಮೈಸಿನ್ ಚುಚ್ಚುಮದ್ದು ಕೊಟ್ಟರು. ರೋಗ ವಾಸಿಯಾಯಿತು, ಕಿವಿ ಹೋಯಿತು. ಆ ಔಷಧಿಯ ದೋಷವೇ ಅದು. ಈಗ ಬೆಡಾಕ್ವಿಲಿನ್‌ನಂತಹ ಮಾತ್ರೆಗಳು ಬಂದು ಆ ಸೂಜಿಯ ಕಾಟ ತಪ್ಪಿದೆ ಎನ್ನುವುದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಅವರ ಕೆಮ್ಮು ಎಷ್ಟೋ ದಿನಗಳಿಂದ ನಮ್ಮ ಕಿವಿಗೆ ಬೀಳುತ್ತಲೇ ಇತ್ತು, ಸುಮಾ. ಊರವರ ಕಫವನ್ನೆಲ್ಲ ನೋಡುತ್ತಿದ್ದ ನಾವು "ಸಿಸ್ಟರ್, ನಿಮ್ಮದೂ ಒಂದು ಡಬ್ಬಿ ಕೊಡಿ" ಎಂದು ಕೇಳಲಿಲ್ಲ. ನಿವೃತ್ತಿಯಾದ ಮೇಲೂ ಇದು ಬಿಟ್ಟುಹೋಗಿಲ್ಲ. ನಿನ್ನ ಪತ್ರ ಓದಿ ರಾತ್ರಿ ಎದ್ದು ಕೂತದ್ದು ಇದಕ್ಕೇ. ನಿನ್ನ ಅತ್ತೆ ಗ್ಯಾಸ್ಟ್ರಿಕ್ ಇರಬೇಕು ಎಂದು ಜೀರಿಗೆ ನೀರು ಕೊಟ್ಟಳು.

ಗಲ್ಲದ ಮೇಲಿನ ಮಾಸ್ಕಿನ ಮಾತಿಗೇ ಬರುತ್ತೇನೆ. "ಎರಡೇ ನಿಮಿಷ" ಎಂದು ನೀನು ಹೇಳಬಹುದು. ಅಜ್ಜಿ ನೀನು ಬರುವ ಮೊದಲೂ ಕೆಮ್ಮಿರುತ್ತಾರೆ. ಊದಿನಕಡ್ಡಿ ಆರಿದ ಮೇಲೂ ದೇವರ ಕೋಣೆಯಲ್ಲಿ ಹೊಗೆ ನಿಂತಿರುವಂತೆ, ಕಫದ ತೀರಾ ಸಣ್ಣ ಕಣಗಳು ಗಾಳಿಯಾಡದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತವೆ. ನಿನ್ನ ನಿಮಿಷದ ಲೆಕ್ಕ ಅವುಗಳಿಗೆ ಅನ್ವಯಿಸುವುದಿಲ್ಲ. ಅಜ್ಜಿಯ ಔಷಧಿ ನಾಟಿ ಕೆಲವು ವಾರಗಳಾಗಿದ್ದರೆ ಅವರಿಂದ ಭಯ ಕಡಿಮೆ, ಒಪ್ಪುತ್ತೇನೆ. ಪಕ್ಕದ ಹಾಸಿಗೆಗೆ ನಿನ್ನೆ ರಾತ್ರಿ ಬರೀ ಜ್ವರವೆಂದು ಸೇರಿದವನ ಗತಿ ಏನು? ಇನ್ನೂ ಪರೀಕ್ಷೆಯೇ ಆಗದವನಿಂದ ಹರಡುವುದೇ ಹೆಚ್ಚು.

1911ರಲ್ಲಿ, ಚೀನಾದ ಹಾರ್ಬಿನ್ ಊರಿನಲ್ಲಿ ಶ್ವಾಸಕೋಶದ ಪ್ಲೇಗು ಎದ್ದಿತ್ತು. ಮಲಯಾದಲ್ಲಿ ಹುಟ್ಟಿದ ವೂ ಲಿಯೆನ್-ತೆ ಎಂಬ ಎಳೆಯ ವೈದ್ಯ, ಇದು ಉಸಿರಿನಿಂದ ಹರಡುತ್ತಿದೆ, ಹತ್ತಿ ಇಟ್ಟ ಗಾಜ್ ಬಟ್ಟೆಯನ್ನು ಮೂಗಿಗೆ ಕಟ್ಟಿಕೊಳ್ಳಿ ಎಂದ. ಮೆನಿ ಎಂಬ ಹಿರಿಯ ಫ್ರೆಂಚ್ ವೈದ್ಯ ಅದನ್ನು ತಳ್ಳಿಹಾಕಿ, ಮಾಸ್ಕ್ ಇಲ್ಲದೆ ರೋಗಿಗಳನ್ನು ನೋಡಿ, ಕೆಲವೇ ದಿನಗಳಲ್ಲಿ ತೀರಿಕೊಂಡ. ಆತನದು ಬಿಗುಮಾನ, ನಿನ್ನದು ಅಂತಃಕರಣ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದೆನೆಂದು ಕೋಪಿಸಿಕೊಳ್ಳಬೇಡ. ರೋಗಾಣು ಮಾತ್ರ ಅವನ್ನು ಒಂದೇ ತಕ್ಕಡಿಗೆ ಹಾಕುತ್ತದೆ.

ಇಷ್ಟು ಹೆದರಿಸಿ ಉಪಾಯ ಹೇಳದಿದ್ದರೆ ಹೇಗೆ? ನಾನು ವಾರ್ಡಿನವನಲ್ಲ, ನಿನಗೆ ಕಲಿಸಲು ಹೊರಡುವುದು ಸ್ವಲ್ಪ ಅಧಿಕಪ್ರಸಂಗವೇ. ಆದರೂ ಒಂದು ಹೇಳುತ್ತೇನೆ: ಅಜ್ಜಿಗೂ ಒಂದು ಮಾಸ್ಕ್ ಕೊಡು. ಅವರಿಗೆ ಎನ್-95 ಬೇಡ, ಅದರಲ್ಲಿ ಉಸಿರಾಡುವುದು ಅವರಿಗೆ ಕಷ್ಟ. ಮಾಮೂಲಿ ಸರ್ಜಿಕಲ್ ಮಾಸ್ಕ್ ಸಾಕು. ದಕ್ಷಿಣ ಆಫ್ರಿಕಾದಲ್ಲಿ ಔಷಧಿಗೆ ಮಣಿಯದ ಕ್ಷಯದ ವಾರ್ಡಿನ ಗಾಳಿಯನ್ನು ಕೊಳವೆಯಲ್ಲಿ ಹಾಯಿಸಿ ಗಿನಿ ಹಂದಿಗಳಿಗೆ ಉಸಿರಾಡಲು ಬಿಟ್ಟು ನೋಡಿದ್ದಾರೆ. ರೋಗಿಗಳು ಸರ್ಜಿಕಲ್ ಮಾಸ್ಕ್ ಹಾಕಿದ ದಿನಗಳ ಗಾಳಿಯಿಂದ ಸೋಂಕಿನ ಅಪಾಯ ಶೇಕಡಾ 56ರಷ್ಟು ತಗ್ಗಿತ್ತು. 2012ರಲ್ಲಿ ಅಚ್ಚಾದ ಅಧ್ಯಯನ ಅದು. ಅರ್ಧದಷ್ಟು ತಗ್ಗಿತು ಎಂದರೆ ಇನ್ನರ್ಧ ಉಳಿಯಿತು ಎಂದೂ ಆಯಿತು, ಹಾಗಾಗಿ ನಿನ್ನದು ಮೂಗಿನ ಮೇಲೆಯೇ ಇರಲಿ. "ನಾವಿಬ್ಬರೂ ಹಾಕಿಕೊಳ್ಳೋಣ ಅಜ್ಜಿ" ಎಂದರೆ ಅಸಹ್ಯದ ಮಾತು ಬರುವುದಿಲ್ಲ ಎಂದು ನನಗೆ ಅನ್ನಿಸುತ್ತದೆ. ಮುಖ ತೋರಿಸಬೇಕೆಂದರೆ ಒಂದು ನಗುಮುಖದ ಫೋಟೋವನ್ನು ಏಪ್ರನ್ನಿಗೆ ಅಂಟಿಸಿಕೋ. ಲೈಬೀರಿಯಾದಲ್ಲಿ ಎಬೋಲಾ ಬಂದಾಗ ಅಡಿಯಿಂದ ಮುಡಿಯವರೆಗೆ ಮುಚ್ಚಿಕೊಂಡಿದ್ದ ಸಿಬ್ಬಂದಿ ಹೀಗೆ ಮಾಡಿದ್ದರು. ಹುಡುಗಾಟಿಕೆ ಎನ್ನಿಸಿದರೆ ಬಿಡು.

ಕಿಟಕಿಯದೂ ಒಂದು ಮಾತಿದೆ. ಪೆರು ದೇಶದ ಲಿಮಾದಲ್ಲಿ ಆಸ್ಪತ್ರೆಗಳ ಗಾಳಿಯನ್ನು ಅಳೆದು ನೋಡಿದಾಗ, ಎತ್ತರದ ಸೂರು, ದೊಡ್ಡ ಕಿಟಕಿಗಳಿದ್ದ ಹಳೆಯ ಕಟ್ಟಡಗಳು ಯಂತ್ರದಿಂದ ಗಾಳಿಯಾಡಿಸುವ ಹೊಸ ಕೋಣೆಗಳಿಗಿಂತ ಮುಂದಿದ್ದವು. ನಮ್ಮ ಮೈಸೂರಿನ ಪಿ.ಕೆ. ಸ್ಯಾನಿಟೋರಿಯಂ ಕಟ್ಟಿದ ಕಾಲಕ್ಕೆ ಕ್ಷಯಕ್ಕೆ ಔಷಧಿಯೇ ಇರಲಿಲ್ಲ, ಕ್ಷಯದಿಂದಲೇ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ಕಟ್ಟಿದ್ದು. ಆಗ ಗಾಳಿ, ಬಿಸಿಲು, ಊಟ, ಇವೇ ಚಿಕಿತ್ಸೆ. ಈಗಿನವರು ಸೊಳ್ಳೆ, ಚಳಿ, ಎ.ಸಿ. ಎಂದು ಮುಚ್ಚಿಬಿಡುತ್ತಾರೆ. ಅಜ್ಜಿಯ ಬಳಿ ಕೂರುವಾಗ ಗಾಳಿ ನಿನ್ನ ಬೆನ್ನ ಕಡೆಯಿಂದ ಬರುವಂತೆ ಕುರ್ಚಿ ಎಳೆದುಕೋ.

ಎನ್-95 ಅನ್ನು ಸ್ಪಿರಿಟ್ಟಿನಲ್ಲಿ ಒರೆಸುವವರನ್ನು ನೋಡಿದ್ದೇನೆ. ಮಾಡಬೇಡ, ಅದರ ಎಳೆಗಳಲ್ಲಿರುವ ವಿದ್ಯುದಂಶವೇ ಕಣ ಹಿಡಿಯುವುದು, ಸ್ಪಿರಿಟ್ ಅದನ್ನು ಕೆಡಿಸುತ್ತದೆ. ಹಾಕಿಕೊಂಡ ಮೇಲೆ ಎರಡೂ ಅಂಗೈ ಮುಚ್ಚಿ ಜೋರಾಗಿ ಉಸಿರು ಬಿಡು, ಕಣ್ಣಿನ ಕಡೆ ಗಾಳಿ ನುಗ್ಗಿದರೆ ಮೂಗಿನ ಪಟ್ಟಿಯನ್ನು ಮತ್ತೆ ಒತ್ತಬೇಕು. ಇದನ್ನು ನಿಮಗೆ ಮೊದಲ ದಿನವೇ ಕಲಿಸಿರುತ್ತಾರೆ, ಮುದುಕನ ಕೊರೆತ ಎಂದುಕೋ. ನಿನಗೆ ಎರಡು ವಾರ ಕೆಮ್ಮು ನಿಲ್ಲದಿದ್ದರೆ ಮಾತ್ರ ಅಮ್ಮ ಹೆದರುತ್ತಾಳೆ, ರಜೆ ಸಿಗುವುದಿಲ್ಲ ಎಂದೆಲ್ಲ ಮುಚ್ಚಿಡದೆ ಕಫ ಪರೀಕ್ಷೆಗೆ ಕೊಡು. ಅಮ್ಮನಿಗೆ ಹೇಳುವ ಕೆಲಸ ನನ್ನದು.

ಬೈದೆನೆಂದು ಪತ್ರ ನಿಲ್ಲಿಸಬೇಡ. ಅಜ್ಜಿಯ ಔಷಧಿ ಶುರುವಾಗಿ ಎಷ್ಟು ದಿನವಾಯಿತು, ವಾರ್ಡಿನಲ್ಲಿ ಎಷ್ಟು ಕಿಟಕಿಗಳಿವೆ, ಅವುಗಳಲ್ಲಿ ಯಾವುವು ನಿಜವಾಗಿ ತೆರೆಯುತ್ತವೆ, ಬರೆದು ತಿಳಿಸು.

ಇಂತಿ,
ನಿನ್ನ ಮಾವ